ಮಧ್ಯಮದಿಂದ ಪಂಚಮಕ್ಕೆ

ಬೆಳಗಾವಿಗೆ ಗಿಟಾರ್ ಹೊಸದೇನಲ್ಲ. ಕ್ಯಾಂಪಿನ ಇಗರ್ಜಿಗಳಲ್ಲಿ, ಗೋವೆಯ ನಂಟಿರುವ ಮನೆಗಳಲ್ಲಿ, ಮದುವೆಯ ಬ್ಯಾಂಡುಗಳಲ್ಲಿ ಅದು ಬಹುಕಾಲದಿಂದ ಇದೆ. ಆದರೆ ಈ ಊರಿನ ಕಿವಿಯನ್ನು ತಿದ್ದಿದ್ದು ಹಿಂದುಸ್ತಾನಿ ಸಂಗೀತ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಮಗ್ಗುಲಲ್ಲಿದೆ. 2010ರಲ್ಲಿ ತೀರಿಕೊಂಡ ಹಾರ್ಮೋನಿಯಂ ವಾದಕ ರಾಂಭಾವು ವಿಜಾಪುರೆಯವರು ನೆಲೆಸಿದ್ದು ಇದೇ ಊರಲ್ಲಿ. ಇಂಥ ಊರಲ್ಲಿ ಒಬ್ಬ ಹುಡುಗಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬ್ಲೂಸ್ ಕಲಿಯಲು ಹೊರಟರೆ, ಅವಳ ತೊಡಕು ಒಂದಲ್ಲ ಒಂದು ಸಂಜೆ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಬಂದು ಕೂರುವುದು ಸಹಜವೇ.

ಅಂಥದೊಂದು ಸಂಜೆ ಮಾತಾಡಿದವರಲ್ಲಿ ಒಬ್ಬರು ಟಿಳಕವಾಡಿಯ ಹಾರ್ಮೋನಿಯಂ ಮಾಸ್ತರರು. ಇನ್ನೊಬ್ಬಳು ಖಾನಾಪುರದವಳು. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಡ್ರಾಯಿಂಗ್ ಕೆಲಸ ಮುಗಿಸಿ, ಊರಿನ ಬಸ್ಸು ಹಿಡಿಯುವ ಮೊದಲು ಗಿಟಾರ್ ಚೀಲ ಹೊತ್ತು ಬಂದಿದ್ದಳು. ಮಾತು ಅವರದೇ ನುಡಿಯಲ್ಲಿದೆ.

ಯುವತಿ: ಕಾಕಾ, ಸ್ವರ ಒಂದೂ ತಪ್ಪಿಲ್ರಿ. ಆದ್ರೂ ಕೇಳಿದವ್ರು 'ಛಲೋ ಐತಿ' ಅಂದು ಸುಮ್ನಾಗ್ತಾರ. ರೆಕಾರ್ಡ್ ಮಾಡಿ ನಾನ ಕೇಳಿದ್ರ, ಯಾರೋ ಮೆಟ್ಲ ಹತ್ತಿ ಇಳದಂಗ ಕೇಳಸ್ತೈತಿ. ಅದರಾಗ ನಾ ಎಲ್ಲೂ ಇಲ್ಲ.

ಹಿರಿಯರು: ಯಾವ ಸ್ವರ ಬಾರಸ್ತಿ, ಮೊದಲ ಅದನ್ನ ಹೇಳು.

ಯುವತಿ: ಎ ಮೈನರ್ ಪೆಂಟಾಟೋನಿಕ್ ಅಂತಾರ್ರಿ. ಐದನೇ ಫ್ರೆಟ್‌ನಿಂದ ಎಂಟನೇದರ ತನಕ, ಕೈ ಸರಸೂದ ಬ್ಯಾಡ. ಎ ಅನ್ನೂದನ್ನ ಷಡ್ಜ ಅಂತ ಹಿಡಿದ್ರ ಸ, ಕೋಮಲ ಗ, ಮ, ಪ, ಕೋಮಲ ನಿ.

ಹಿರಿಯರು: ರಿ ಇಲ್ಲ, ಧ ಇಲ್ಲ. ಅದು ಧಾನಿ ಆತಲ್ಲ!

ಯುವತಿ: ಸ್ವರ ಧಾನಿದು, ಖರೇ. ನಡಿ ಮಾತ್ರ ಬ್ಯಾರೆ. ಕೆಳಗ ಕಾರ್ಡ್ ಎ ಸೆವೆನ್ ಇರ್ತೈತಿ, ಅದರಾಗ ಶುದ್ಧ ಗಾಂಧಾರ ಐತಿ. ಅದರ ಮ್ಯಾಲ ನಾ ಕೋಮಲ ಗಾಂಧಾರ ಬಾರಸ್ತೀನಿ. ಎರಡೂ ಒಮ್ಮೆಲೆ.

ಹಿರಿಯರು: ಒಮ್ಮೆಲೆ? ನಮ್ಮ ಗುರುಗಳ ಮುಂದ ಹಂಗ ಮಾಡಿದ್ರ ಎದ್ದು ಹೋಗ್ತಿದ್ರು.

ಯುವತಿ: ಬ್ಲೂಸ್ ಇರೂದ ಆ ತಿಕ್ಕಾಟದಾಗ್ರಿ. ಕೋಮಲ ಗಾಂಧಾರದ ತಂತಿನ ತುಸು ತಳ್ಳಿ, ಶುದ್ಧ ಗಾಂಧಾರಕ್ಕ ಮುಟ್ಟಸದ ನಡುವ ನಿಲ್ಲಸೂದು. ಬ್ಲೂ ನೋಟ್ ಅಂತಾರ.

ಹಿರಿಯರು: ನಡುವಿನ ಗಾಂಧಾರ ನಮಗೂ ಹೊಸಾದಲ್ಲ. ದರಬಾರಿಯೊಳಗ ಅದು ಕೋಮಲಕ್ಕಿಂತ ಕೆಳಗಿಳದು ಆಂದೋಲನ ಮಾಡ್ತೈತಿ. ನಿಂದು ಕೋಮಲದಿಂದ ಮ್ಯಾಲ ಹೊಂಟೈತಿ. ಆತು, ಬಾರಸು, ಕೇಳೂಣು.

ಅವಳು ಮೊಬೈಲಿನಲ್ಲಿ ಬ್ಯಾಕಿಂಗ್ ಟ್ರ್ಯಾಕ್ ಹಚ್ಚಿದಳು. ಬ್ಲೂಸಿನ ಸಾಮಾನ್ಯ ಹಂದರ ಅದು: ಹನ್ನೆರಡು ಬಾರ್, ಒಂದೊಂದರಲ್ಲಿ ನಾಲ್ಕು ಬೀಟ್. ಮೊದಲ ನಾಲ್ಕು ಬಾರ್ ಎ ಕಾರ್ಡ್. ಆಮೇಲೆ ಡಿಗೆ ಹೋಗಿ ಎಗೆ ಮರಳುವುದು. ಒಂಬತ್ತರಲ್ಲಿ ಇ, ಹತ್ತರಲ್ಲಿ ಡಿ, ಮತ್ತೆ ಮನೆಗೆ. ಒಂದೊಂದು ಬೀಟನ್ನೂ ಮೂರಾಗಿ ಸೀಳಿ, ಒಂದು ಮತ್ತು ಮೂರನೆಯದನ್ನಷ್ಟೇ ಬಾರಿಸುವ ಓಲಾಟದ ಲಯ. ಹನ್ನೆರಡೂ ಬಾರುಗಳನ್ನು ಅವಳು ಸ್ವರಗಳಿಂದ ತುಂಬಿದಳು.

ಹಿರಿಯರು: ಎಲ್ಲಿ ಉಸಿರು ತಗೊಂಡಿ?

ಯುವತಿ: ಗಿಟಾರಿಗೆ ಉಸಿರು ಎಲ್ಲಿ ಬೇಕ್ರಿ?

ಹಿರಿಯರು: ಕೇಳೋರಿಗೆ ಬೇಕು. ಗಿಟಾರ್ ಕೆಳಗಿಡು. ಈಗ ಬಾರಿಸಿದ್ದನ್ನ ಹಾಡು.

ಯುವತಿ: ನನಗ ಹಾಡಾಕ ಬರೂದಿಲ್ರಿ.

ಹಿರಿಯರು: ದನಿ ಛಂದ ಇರಬೇಕು ಅಂತ ನಾ ಅಂದಿಲ್ಲ. ಗುನುಗಿದ್ರ ಸಾಕು.

ಅವಳು ಗುನುಗಿದಳು. ಅರ್ಧಕ್ಕೇ ನಿಲ್ಲಬೇಕಾಯಿತು. ಅಷ್ಟು ಸ್ವರ ಒಂದು ಉಸಿರಿಗೆ ಸಿಗುವುದಿಲ್ಲ. ಎರಡನೆಯ ಸಲ ಹಾಡಿದಾಗ ನಾಲ್ಕೈದು ಸ್ವರಗಳ ಒಂದು ತುಣುಕು ಬಂತು, ಒಂದು ಬಿಡುವು, ಮತ್ತೆ ಅದೇ ತುಣುಕಿನ ಉತ್ತರದಂಥ ಇನ್ನೊಂದು. ಬೆರಳಿಗೆ ಗೊತ್ತಿರದ ಒಂದು ವಾಕ್ಯರಚನೆ ಗಂಟಲಿಗೆ ಮೊದಲೇ ಗೊತ್ತಿತ್ತು. ಹೊಸದಾಗಿ ಸೋಲೊ ಕಲಿಯುವವರಿಗೆ ಇದಕ್ಕಿಂತ ಬೇಗ ಫಲ ಕೊಡುವ ಅಭ್ಯಾಸ ಬೇರೊಂದಿಲ್ಲ ಎಂದು ನನಗೂ ಅನ್ನಿಸಿದೆ.

ಯುವತಿ: ಹೌದ್ರಿ, ಇದು ನಂದು ಅನಸ್ತೈತಿ. ಬ್ಲೂಸಿನ ಹಾಡೂ ಹಿಂಗ ಇರ್ತಾವ. ಒಂದು ಸಾಲು, ಮತ್ತ ಅದ ಸಾಲು, ಆಮ್ಯಾಲ ಅದಕ್ಕ ಜವಾಬು. ಸಾಲು ಮುಗದ ಮ್ಯಾಲ ಉಳಿಯೋ ಜಾಗಾದಾಗ ಗಿಟಾರ್ ಮಾತಾಡ್ತೈತಿ. ಬಿ.ಬಿ. ಕಿಂಗ್ ಹಾಡುವಾಗ ಗಿಟಾರ್ ಬಾರಸ್ತಿದ್ದಿಲ್ಲ, ಬಾರಸುವಾಗ ಹಾಡ್ತಿದ್ದಿಲ್ಲ.

ಹಿರಿಯರು: ಅದು ಸಾಥ್ ಮಾಡೋ ಕೆಲಸ. ಗವಾಯಿ ಒಂದು ಜಾಗಾ ತೋರಿಸಿ ಬಿಟ್ಟಾಗ ನಾವು ಪೆಟಿಗಿಯೊಳಗ ಅದರ ನೆರಳನ್ನಷ್ಟ ಹಿಡೀತೀವಿ. ಹೆಚ್ಚು ಬಾರಿಸಿದ್ರ ಸಾಥ್ ಕೆಟ್ಟಂಗ. ನೀ ಮೊದಲ ಇದನ್ನ ಕಲಿ. ಯಾರಾದ್ರೂ ದೊಡ್ಡವರ ಒಂದು ಸೋಲೊ ತಗೊಂಡು, ಬಿಡುವು ಸಹಿತ, ಹೊಡತ ಸಹಿತ, ಹಂಗಂದ್ರ ಹಂಗ ಕೈಯಾಗ ಇಳಸು. ವರ್ಷ ಹಿಡದ್ರ ಹಿಡೀಲಿ. ನಿನ್ನ ದನಿ ತಾನ ಬರ್ತೈತಿ.

ಯುವತಿ: ಅಲ್ಲೇ ನನಗ ಹೆದರಿಕೆ ಕಾಕಾ. ಹಂಗ ಕಲತವ್ರನ್ನ ನೋಡೀನಿ. ಹತ್ತು ವರ್ಷಕ್ಕ ಬ್ಯಾರೆಯವರ ಸಿದ್ಧ ತುಣುಕು, ಲಿಕ್ ಅಂತಾರ, ನೂರು ಬರ್ತಾವ, ಒಂದು ಮಾತು ತಮ್ಮದು ಬರೂದಿಲ್ಲ. ಈ ಸಂಗೀತ ಹುಟ್ಟಿದ್ದ ಕಲೀದ ಮಂದಿ ಕೈಯಾಗ್ರಿ. ಹತ್ತಿ ಹೊಲದ ಕೂಲಿಯವರು, ಗುಲಾಮರ ಮಕ್ಕಳು ಮೊಮ್ಮಕ್ಕಳು. ಅವ್ರೆಲ್ಲಿ ತಾಲೀಮು ತಗೊಂಡಿದ್ರು? 1903ರಾಗ ಮಿಸ್ಸಿಸಿಪ್ಪಿಯ ಟುಟ್ವಿಲರ್ ಅನ್ನೋ ಸ್ಟೇಷನ್ನಿನಾಗ ಡಬ್ಲ್ಯೂ.ಸಿ. ಹ್ಯಾಂಡಿ ಅನ್ನೋ ಬ್ಯಾಂಡ್ ಮಾಸ್ತರ ಗಾಡಿ ಸಲುವಾಗಿ ಕಾಯ್ತಿದ್ದ. ಮಗ್ಗಲದಾಗ ಹರಕ ಅರಿವಿ ಹಾಕ್ಕೊಂಡ ಒಬ್ಬವ ತಂತಿ ಮ್ಯಾಲ ಚಾಕು ಒತ್ತಿ ಗಿಟಾರ್ ಬಾರಸ್ತಿದ್ದ. ಓದು ಬರಹ ಬಲ್ಲ ಮಾಸ್ತರ ಅಂಥಾದ್ದನ್ನ ಎಂದೂ ಕೇಳಿದ್ದಿಲ್ಲ. ಆ ಚಾಕುದವಗ ಯಾರು ಹೇಳಿಕೊಟ್ಟಿದ್ರು?

ಹಿರಿಯರು: ಅವನ ಹೆಸರು ನಮಗ ಗೊತ್ತಿಲ್ಲ, ಅವನ ಗುರುವಿನ ಹೆಸರೂ ಗೊತ್ತಿಲ್ಲ. ಅಷ್ಟಕ್ಕ ಗುರು ಇದ್ದಿದ್ದಿಲ್ಲ ಅಂತ ಹೆಂಗ ಹೇಳ್ತಿ? ಶಾಲಿ ಇರಲಿಕ್ಕಿಲ್ಲ. ಕೇಳಿ ಕಲಿಯೂದು ಇದ್ದ ಇರ್ತೈತಿ. ನೀನ ಒಮ್ಮೆ ಹೇಳಿದ್ದೆಲ್ಲ, ಆತ್ಮ ಮಾರಿದವನ ಕತಿ.

ಯುವತಿ: ರಾಬರ್ಟ್ ಜಾನ್ಸನ್. ನಡುರಾತ್ರಿ ನಾಕು ಹಾದಿ ಕೂಡೋ ಜಾಗಾದಾಗ ಸೈತಾನಗ ಆತ್ಮ ಮಾರಿ ಗಿಟಾರ್ ವಿದ್ಯೆ ತಗೊಂಡ ಅಂತ ಮಂದಿ ಮಾತಾಡ್ತಾರ.

ಹಿರಿಯರು: ಖರೇ ಏನು?

ಯುವತಿ: ಖರೇ ಅಂದ್ರ... ಊರು ಬಿಟ್ಟು ಹೋಗಿ ಐಕ್ ಝಿಮ್ಮರ್‌ಮನ್ ಅನ್ನೋವ್ನ ಕಡಿ ಕಲತಿದ್ದ. ರಾತ್ರಿ ಸ್ಮಶಾನದಾಗ ಕುಂತು ರಿಯಾಜ್ ಮಾಡ್ತಿದ್ರಂತ, ಯಾರಿಗೂ ತ್ರಾಸ ಆಗಬಾರದು ಅಂತ.

ಹಿರಿಯರು: ಮತ್ತ? ಅಲ್ಲೂ ಗುರು, ಅಲ್ಲೂ ರಿಯಾಜ್.

ಯುವತಿ: ಒಪ್ಪಿದೆ. ಆದ್ರ ಅವನ ರೆಕಾರ್ಡುಗಳು 29 ಹಾಡಿನವು, 1936 ಮತ್ತು 37ರಾಗ ಆದಂಥಾವು. ಅವನ್ನ ಕೇಳಿ ನೋಡ್ರಿ, ಝಿಮ್ಮರ್‌ಮನ್ ಅಲ್ಲ, ಜಾನ್ಸನ್ನನ ನೆನಪಿಗೆ ಬರ್ತಾನ. 1938ರಾಗ ತೀರಿಕೊಂಡಾಗ ವಯಸ್ಸು 27. ದನಿ ತಾನ ಬರ್ಲಿ ಅಂತ ಕಾಯ್ಕೋತ ಕುಂತಿದ್ರ?

ಹಿರಿಯರು ಇದಕ್ಕೆ ಕೂಡಲೇ ಉತ್ತರ ಕೊಡಲಿಲ್ಲ. ಹಾರ್ಮೋನಿಯಂ ತಿದಿಯನ್ನು ಸಡಿಲಿಸಿ ಪಂಚಮವೊಂದನ್ನು ಒತ್ತಿ ಹಿಡಿದರು.

ಹಿರಿಯರು: ಒಂದು ಸ್ವರ ನೋಡೂಣು. ನಿನ್ನ ಗಿಟಾರಿನ ಎ ಅಂದ್ರ ನಮ್ಮ ಪೆಟಿಗಿಯ ಬಿಳಿ ಆರು. ನಾ ಪಂಚಮ ಹಿಡದೀನಿ. ನೀ ಮಧ್ಯಮದಿಂದ ಇದಕ್ಕ ಬಾ, ತಂತಿ ಎಳದು.

ಎಲೆಕ್ಟ್ರಿಕ್ ಗಿಟಾರಿನಲ್ಲಿ ಇದು ಮೂರನೆಯ ತಂತಿಯ ಏಳನೆಯ ಫ್ರೆಟ್. ಉಂಗುರದ ಬೆರಳು ಅಲ್ಲಿ ಊರಬೇಕು. ಒಂಟಿ ಬೆರಳಿಗೆ ಶಕ್ತಿ ಸಾಲದು, ಹಿಂದಿನ ಎರಡು ಬೆರಳುಗಳೂ ಅದೇ ತಂತಿಯ ಮೇಲೆ ನಿಂತು ಜೊತೆಗೆ ತಳ್ಳಬೇಕು. ಹೆಬ್ಬೆರಳು ಕುತ್ತಿಗೆಯ ಮೇಲಂಚಿಗೆ ಆತುಕೊಳ್ಳುತ್ತದೆ, ತಿರುಗುವುದು ಮಣಿಕಟ್ಟು. ಅವಳ ಗಿಟಾರಿಗೆ ಒಂಬತ್ತರ ಸೆಟ್ಟಿನ ತೆಳು ತಂತಿ ಹಾಕಿತ್ತು. ಹನ್ನೆರಡರ ಸೆಟ್ಟಿನ ಅಕೂಸ್ಟಿಕ್ ಗಿಟಾರಿನಲ್ಲಿ ಮೂರನೆಯದು ಸುತ್ತಿದ ತಂತಿ, ಒಂದು ಪೂರ್ಣ ಸ್ವರದಷ್ಟು ಎಳೆಯುವುದು ಕಲಿಯುವವರ ಬೆರಳಿಗೆ ಹೆಚ್ಚುಕಡಿಮೆ ಆಗದ ಮಾತು. ಎಷ್ಟೋ ಹುಡುಗರು ತಮ್ಮಲ್ಲಿ ಭಾವವೇ ಇಲ್ಲವೆಂದು ಕೈಬಿಡುವುದು ಇಲ್ಲಿ. ತೊಂದರೆ ಅವರದಲ್ಲ, ತಂತಿಯ ದಪ್ಪದ್ದು.

ಮೊದಲ ಸಲ ಸ್ವರ ಪಂಚಮಕ್ಕೆ ಮುಟ್ಟದೆ ಕೆಳಗೇ ನಿಂತಿತು. ಪೆಟ್ಟಿಗೆಯ ಪಂಚಮಕ್ಕೂ ತಂತಿಯ ದನಿಗೂ ನಡುವೆ ವಾಂವ್ ವಾಂವ್ ಎಂಬ ಅಲೆ ಎದ್ದಿತು. ಅವಳು ಇನ್ನಷ್ಟು ತಳ್ಳಿದಳು. ಅಲೆ ನಿಧಾನವಾಯಿತು, ಮತ್ತೂ ನಿಧಾನವಾಯಿತು, ಆಮೇಲೆ ಎರಡು ದನಿ ಎಂದು ಗುರುತಿಸಲು ಬಾರದ ಹಾಗೆ ಕೂಡಿಕೊಂಡಿತು.

ಹಿರಿಯರು: ಬಂತು. ಒಂಬತ್ತನೇ ಫ್ರೆಟ್ ಒತ್ತಿ ಪಂಚಮ ಬಾರಿಸಿದ್ರೂ ಇದ ಸ್ವರ ಬರ್ತಿತ್ತು, ಹೌದಲ್ಲೋ? ಫರಕ್ ಏನು?

ಯುವತಿ: ಹಾದಿ ಕೇಳಸ್ತೈತಿ. ಅದಕ್ಕ ನಾ ಅನ್ನೂದು ಭಾವ ಅಂದ್ರ ಬೆಂಡ್ ಅಂತ. ಹಾದಿಯೊಳಗ ಐತಿ ಅದು.

ಹಿರಿಯರು: ಈ ಮಾತು ಭಾಳ ಹಳೇದು, ಮಗಳ. ಇದನ್ನ ಹೇಳೇ ನಮ್ಮ ಪೆಟಿಗಿನ ಹೊರಗ ಹಾಕಿದ್ರು. 1940ರಾಗ ಆಕಾಶವಾಣಿ ಹಾರ್ಮೋನಿಯಂ ಬಂದ್ ಮಾಡ್ತು. ಸ್ವರದಿಂದ ಸ್ವರಕ್ಕ ಜಾರೂ ಮೀಂಡ್ ಬರೂದಿಲ್ಲ, ಶ್ರುತಿ ಕಟ್ಟಿಹಾಕಿದಂಗ ಐತಿ, ಹಿಂದುಸ್ತಾನಿ ಗಾಯನಕ್ಕ ಒಪ್ಪೂದಿಲ್ಲ ಅಂತ. 1971ರ ತನಕ ಬಾಗಲಾ ತೆರೀಲಿಲ್ಲ. ಅಂಥಾ ಕಾಲದಾಗ ವಿಜಾಪುರೆ ಮಾಸ್ತರರು ಇದ ಊರಾಗ ಕುಂತು ಅದ ಪೆಟಿಗಿಯಿಂದ ಹಾಡು ತಗದ್ರು. ಒಂದೂ ಸ್ವರ ಬಗ್ಗೂದಿಲ್ಲ ಇದರಾಗ. ಬೆಂಡ್ ಅಂದ್ರ ಭಾವ ಆಗಿದ್ರ, ಅವರು ಬಾರಿಸಿದ್ದು ಏನು?

ಯುವತಿ: ಅವರು ಏನು ಮಾಡ್ತಿದ್ರು ಮತ್ತ?

ಹಿರಿಯರು: ತಿದಿ ಒತ್ತೂದ್ರಾಗ ಐತಿ ಅರ್ಧ. ಗಾಳಿ ಹೆಚ್ಚು ಕಡಿಮಿ ಆದಂಗ ಸ್ವರ ಹುಟ್ಟತೈತಿ, ತುಂಬತೈತಿ, ಆರತೈತಿ. ಇನ್ನರ್ಧ ಕಣಸ್ವರ. ನೋಡು ಇಲ್ಲೆ. ಶುದ್ಧ ಗಾಂಧಾರಕ್ಕ ಹೋಗೂ ಮೊದಲ ಕೋಮಲಕ್ಕ ಬೆರಳು ತಾಗಿಸಿ ಜಾರಿಸ್ತೀನಿ.

ಯುವತಿ: ಕಾಕಾ! ಬ್ಲೂಸ್ ಪಿಯಾನೋದವ್ರು ಮಾಡೂದು ಇದನ್ನರಿ. ಅವರಿಗೂ ಬೆಂಡ್ ಇಲ್ಲ. ಎರಡು ಗಾಂಧಾರ ಒಂದಕ್ಕೊಂದು ತಿಕ್ಕಿ ನಡುವಿನದರ ಭ್ರಮೆ ಹುಟ್ಟಸ್ತಾರ.

ಹಿರಿಯರು: ನಮ್ಮ ಗುರುಗಳು ಎದ್ದು ಹೋಗೋ ಕೆಲಸ ನಾನೂ ಮಾಡಿದಂಗಾತು.

ಯುವತಿ: ಬಿ.ಬಿ. ಕಿಂಗ್ ಕತಿನೂ ಹಂಗ ಐತ್ರಿ. ಅವನ ಸಂಬಂಧಿಕ ಬುಕ್ಕಾ ವೈಟ್ ತಂತಿ ಮ್ಯಾಲ ಲೋಹದ ನಳಿಗಿ ಜಾರಿಸಿ ಬಾರಸ್ತಿದ್ದ. ಇವಗ ಅದು ಕೈಗೆ ಹತ್ತಲಿಲ್ಲ. ಆ ದನಿ ಹೆಂಗಾದ್ರೂ ಬರಬೇಕು ಅಂತ ಎಡಗೈ ನಡುಗಿಸಿ ನಡುಗಿಸಿ ತನ್ನ ವೈಬ್ರಾಟೊ ಕಟ್ಟಿಕೊಂಡ. ಈಗ ಒಂದ ಸ್ವರ ಕೇಳಿದ್ರ ಸಾಕು, ಅವನ ಅಂತ ಗುರುತು ಹತ್ತತೈತಿ. ನಕಲು ಪೂರಾ ಬಂದಿದ್ರ ಬಿ.ಬಿ. ಕಿಂಗ್ ಆಗ್ತಿದ್ದಿಲ್ಲ.

ಹಿರಿಯರು: ನಕಲು ಮಾಡಾಕ ಹೋಗದಿದ್ರೂ ಆಗ್ತಿದ್ದಿಲ್ಲ.

ಯುವತಿ: ಅದೂ ಹೌದ್ರಿ.

ಹಿರಿಯರು: ಸುಳೇಭಾವಿ ಹುಡುಗನ್ನ ನೋಡು. ಸಣ್ಣಾಂವ ಇದ್ದಾಗ ಗ್ರಾಮಾಫೋನ್ ಕೇಳಿ ದೊಡ್ಡ ದೊಡ್ಡ ಗವಾಯಿಗಳನ್ನ ಹಂಗಂದ್ರ ಹಂಗ ಹಾಡಿ ತೋರಸ್ತಿದ್ದ. ಮಠದ ಸ್ವಾಮಿಗಳು ಕುಮಾರ ಗಂಧರ್ವ ಅಂದ್ರು, ಅದ ಹೆಸರಾತು. ಆಮ್ಯಾಲ ಮುಂಬಯಿಗೆ ಹೋಗಿ ಬಿ.ಆರ್. ದೇವಧರರ ಕೈಯಾಗ ವರ್ಷಾನುಗಟ್ಟಲೆ ಕಲತ. ನಕಲಿನಿಂದ ಶುರು ಆದ ಮನಷ್ಯಾನ ನಮ್ಮ ಕಾಲದ ಎಲ್ಲಾರಿಗಿಂತ ಸ್ವಂತ ದನಿಯವ ಆದ.

ಯುವತಿ: ನೀವು ಅರ್ಧಕ್ಕ ನಿಲ್ಲಿಸಿದ್ರಿ. ಟಿಬಿ ಆತು, 1948ರಾಗ ದೇವಾಸಕ್ಕ ಹೋದ್ರು, ಒಂದು ಶ್ವಾಸಕೋಶ ಕೆಲಸಕ್ಕ ಬಾರದಂಗಾತು. ವರ್ಷಗಟ್ಟಲೆ ಹಾಡೂಹಂಗಿದ್ದಿಲ್ಲ. ಹಾಸಿಗಿಯೊಳಗ ಮಲಗಿ ಮಾಳವದ ಹೆಂಗಸರ ಹಾಡು ಕೇಳಿದ್ರು. ಮತ್ತ ಹಾಡಾಕ ಕುಂತಾಗ ಉದ್ದನ್ನ ಉಸಿರು ಇಲ್ಲ, ಅದಕ್ಕ ಸಣ್ಣ ಸಣ್ಣ ತುಣುಕು, ನಡುವ ಬಿಡುವು. ಆ ದನಿ ಹುಟ್ಟಿದ್ದು ತಾಲೀಮಿನಿಂದೇನು, ಹಾಸಿಗಿಯಿಂದೇನು?

ಹಿರಿಯರು: ತಾಲೀಮು ಇಲ್ಲದವ ಹಾಸಿಗಿ ಹಿಡಿದಿದ್ರ ಬರೇ ರೋಗಿ ಆಗ್ತಿದ್ದ.

ಯುವತಿ: ತಾಲೀಮಷ್ಟ ಇದ್ದು ಹಾಸಿಗಿ ಹಿಡೀದಿದ್ರ ಇನ್ನೊಬ್ಬ ಒಳ್ಳೆ ಗವಾಯಿ ಆಗ್ತಿದ್ರು.

ಇಲ್ಲಿ ಇಬ್ಬರೂ ಸರಿ ಎಂದು ನನಗೆ ತೋರಿತು, ಮತ್ತು ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಮಾಸ್ತರರು ಕೇಳುತ್ತಿದ್ದುದು ದನಿ ಎಲ್ಲಿಂದ ಬರುತ್ತದೆ ಎಂದು. ಅವಳಿಗೆ ಬೇಕಾದದ್ದು ಇವತ್ತು ಸಂಜೆ ಮನೆಗೆ ಹೋಗಿ ಏನು ಬಾರಿಸಲಿ ಎಂಬುದು. ಕಲಿಯುವವರಿಗೆ ಎರಡನೆಯದೇ ಮುಖ್ಯ.

ಹಿರಿಯರು: ನಾ ಒಂದು ಬಿರುಸು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಹತ್ತಿ ಹೊಲ, ಗುಲಾಮಗಿರಿ, ಅದು ಅವರ ದುಃಖ. ಖಾನಾಪುರದಾಗ ಬೆಳದಾಕಿ ನೀ. ನಿನ್ನ ಗಿಟಾರಿನಾಗ ಆ ದುಃಖ ಎಲ್ಲಿಂದ ಬರಬೇಕು? ಬಂದ್ರ ಅದು ವೇಷ ಆಗೂದಿಲ್ಲೇನು?

ಯುವತಿ: ಅವರ ದುಃಖ ನಂದು ಅಂತ ನಾ ಎಂದೂ ಅನ್ನೂದಿಲ್ಲ. ಆದ್ರ ನೀವು ಹಾಡೋ ಬಂದಿಶ್ ಯಾವ ಭಾಷಾದ್ದು ಕಾಕಾ? ಬ್ರಜ. ನಿಮ್ಮ ಮನಿ ಮಾತು ಕನ್ನಡ, ಓಣಿ ಮಾತು ಮರಾಠಿ. ಯಮುನಾ ದಂಡಿ ನೀವು ಕಂಡೀರೇನು? ಆದ್ರೂ ನೀವು ಹಾಡಿದಾಗ ಯಾರೂ ವೇಷ ಅನ್ನೂದಿಲ್ಲ.

ಹಿರಿಯರು: ಅದಕ್ಕ ನೂರು ವರ್ಷಕ್ಕೂ ಮಿಕ್ಕಿದ ರೂಢಿ ಐತಿ. ಇಚಲಕರಂಜಿ, ಮೀರಜ, ಧಾರವಾಡ, ಬೆಳಗಾವಿ, ಇಲ್ಲೆಲ್ಲ ಅದು ಬೇರು ಬಿಟ್ಟೈತಿ.

ಯುವತಿ: ರೂಢಿ ಆಗೂ ಮೊದಲ ಯಾರೋ ಒಬ್ಬರು ಶುರು ಮಾಡಿರಬೇಕಲ್ರಿ.

ಹಿರಿಯರು: ನಿಮ್ಮ ತಾಲೂಕಿನ ಕಾಡಿನಾಗ ಸಿದ್ದಿ ಮಂದಿ ಅದಾರಲ್ಲ, ಮೂಲ ಆಫ್ರಿಕಾದವ್ರು. ದಮಾಮ್ ಬಾರಿಸಿ ಕುಣೀತಾರ. ಆ ನಂಟು ಹೇಳ್ತಿಯೇನೋ ಅಂದ್ಕೊಂಡಿದ್ದೆ.

ಯುವತಿ: ಮೊದಮೊದಲ ನಾನೂ ಹಂಗ ಹೇಳ್ಕೋತ ಅಡ್ಡಾಡಿದ್ದೆ. ಈಗ ಹೇಳೂದಿಲ್ರಿ. ಸಿದ್ದಿಗಳ ಹಿರೇರನ್ನ ಪೋರ್ತುಗೀಸರು ಗೋವಾಕ್ಕ ತಂದಿದ್ದು ಹೆಚ್ಚಾಗಿ ಪೂರ್ವ ಆಫ್ರಿಕಾದಿಂದ. ಅಮೆರಿಕಕ್ಕ ಒಯ್ದವರು ಹೆಚ್ಚಾಗಿ ಪಶ್ಚಿಮ ದಂಡಿಯವ್ರು. ಎರಡನ್ನೂ ಒಂದ ಮಾಡಿ ಮಾತಾಡಿದ್ರ ಇಬ್ಬರಿಗೂ ಅನ್ಯಾಯ. ದಮಾಮ್ ಅವರದು, ಅವರ ಹಾಡು ಕೊಂಕಣಿ ಕನ್ನಡದಾಗ ಅದಾವ, ಅದು ನನ್ನ ಬ್ಲೂಸಿಗೆ ಪುರಾವೆ ಆಗೂ ಸಲುವಾಗಿ ಇಲ್ಲ. ಕೇಳಿ ಕಲತಿದ್ದು ಒಂದ ಐತಿ. ಬಾರಸೋರು ಬೀಟಿನ ಮ್ಯಾಲ ಅವಸರ ಬೀಳೂದಿಲ್ಲ.

ಹಿರಿಯರು: ಇದು ಪ್ರಾಮಾಣಿಕ ಮಾತು. ಬೀಟಿನ ಮಾತು ಬಂತು, ಕೇಳು. ಹನ್ನೆರಡು ಬಾರ್, ನಾಕು ನಾಕು. ನಲವತ್ತೆಂಟು ಆತು. ನಮ್ಮ ವಿಲಂಬಿತ್ ಏಕತಾಲವೂ ಹನ್ನೆರಡು ಮಾತ್ರೆ, ಒಂದೊಂದು ನಾಕು ಪಾಲು. ನಲವತ್ತೆಂಟ!

ಯುವತಿ: ಎಣಿಕಿ ಕೂಡಿತು, ಅಷ್ಟರಿ. ಅಲ್ಲಿ ಕಾರ್ಡ್ ಬದಲಾಗ್ತೈತಿ, ಇಲ್ಲಿ ಷಡ್ಜ ಕದಲೂದಿಲ್ಲ.

ಹಿರಿಯರು: ಆದ್ರೂ ನಿನಗ ಉಪಯೋಗ ಐತಿ. ಕಲಿಯೋರು ಮಾತ್ರೆ ಎಣಸ್ತಾರ, ಕಲತವ್ರಿಗೆ ತಾಳದ ಮೊದಲ ಮಾತ್ರೆ, ಸಮ್, ಎಲ್ಲೈತಿ ಅನ್ನೂದು ಎಣಸದನ ಗೊತ್ತಿರ್ತೈತಿ. ನೀ ಇನ್ನೂ ಕಾರ್ಡ್ ಬದಲಾದ ಮ್ಯಾಲ ಎಚ್ಚರಾಗ್ತಿ. ಡಿ ಬರ್ತೈತಿ ಅನ್ನೂದು ಮೊದಲ ಕಿವಿಗೆ ಗೊತ್ತಿರಬೇಕು. ಒಂದು ವಾರ ಸೋಲೊ ಬ್ಯಾಡ. ಬರೇ ಕಾರ್ಡ್ ಬಾರಿಸಿ ಮ್ಯಾಲ ಗುನುಗು.

ಯುವತಿ: ಅದನ್ನ ಮಾಡ್ತೀನ್ರಿ. ಮೂರ ಸ್ವರ ಇಟ್ಟುಕೊಂಡು ಹನ್ನೆರಡು ಬಾರ್ ದಾಟೂದೂ ಮಾಡಿ ನೋಡ್ತೀನಿ. ಸ, ಗ, ಮ, ಅಷ್ಟ. ಸ್ವರ ಕಡಿಮಿ ಆದ್ರ ಜೋರು, ಮೆಲ್ಲಗ, ತಡ, ಲಗೂ, ಇವನ್ನೆಲ್ಲ ಬಳಸಲೇಬೇಕಾಗ್ತೈತಿ. ಬ್ಯಾರೆ ದಾರಿ ಇರೂದಿಲ್ಲ.

ಹಿರಿಯರು: ಆ ಬೆಂಡ್ ಮಾತ್ರ ದಿನಾ ಪಂಚಮಕ್ಕ ಹಚ್ಚಿ ನೋಡು. ಸುರಿನಾಗ ಮುಟ್ಟಲೇಬೇಕು.

ಯುವತಿ: ಮುಟ್ಟೂದು ಕಲೀತೀನಿ. ಆದ್ರ ಹಳೇ ರೆಕಾರ್ಡಿನಾಗ ಪೂರಾ ಮುಟ್ಟದ ನಿಂತ ಬೆಂಡುಗಳು ಎಷ್ಟು ಅದಾವ ಗೊತ್ತೇನ್ರಿ? ಅವನ್ನ ಬೇಸೂರ್ ಅನ್ನಾಕ ನನಗ ಬಾಯಿ ಬರೂದಿಲ್ಲ.

ಹಿರಿಯರು: ಮುಟ್ಟಾಕ ಬರ್ತಿದ್ದವ್ರು ಬೇಕಂತ ಬಿಟ್ಟಿರ್ತಾರ.

ಯುವತಿ: ಎಲ್ಲಾರೂ ಬೇಕಂತ ಬಿಟ್ಟಿದ್ರೇನ್ರಿ? ನನಗ ಹಂಗ ಅನಸೂದಿಲ್ಲ.

ಹಿರಿಯರು: ಹಂಗಾರ ಅಂಥಾದ್ದೊಂದು ತಂದು ಕೇಳಸು. ಆಮ್ಯಾಲ ಹೇಳ್ತೀನಿ. ಮತ್ತ ಆ ಸೋಲೊ ನಕಲು ಮಾಡೋದು?

ಯುವತಿ: ಪೂರಾ ಸೋಲೊ ಮಾಡೂದಿಲ್ಲ ಕಾಕಾ. ಹಾಡಿನ ಸಾಲು ಮುಗದ ಮ್ಯಾಲ ಬರೋ ಎರಡೆರಡು ಬಾರಿನ ಜವಾಬು ಇರ್ತಾವಲ್ಲ, ಅವನ್ನಷ್ಟ ಒಂದು ಹಾಡಿನವು ಎಲ್ಲಾ ಕೈಯಾಗ ಇಳಸ್ತೀನಿ. ಮತ್ತ ಅದ ಸಾಲಿಗೆ ನಂದೊಂದು ಜವಾಬು ಮಾಡಿ, ಎರಡನ್ನೂ ಬಾಜೂಕ ಬಾಜೂ ರೆಕಾರ್ಡ್ ಮಾಡ್ಕೊಂಡು ಬರ್ತೀನಿ. ಯಾವುದು ಯಾರದು ಅಂತ ನಾ ಹೇಳೂದಿಲ್ಲ, ನೀವ ಕೇಳಿ ಹೇಳ್ರಿ.

ಹಿರಿಯರು: ನನಗ ಗೊತ್ತಾಗದಿದ್ರ?

ಯುವತಿ: ನಿಮಗ ಗೊತ್ತಾಗದಿದ್ರ ನಕಲು ಪಾಸಾತು, ನಾ ಇನ್ನೂ ಆಗಿಲ್ಲ ಅಂತಾತು. ಗೊತ್ತಾದ್ರ, ಹೆಂಗ ಗೊತ್ತಾತು ಅಂತ ನೀವು ನನಗ ಹೇಳಬೇಕು.